ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ತಂತ್ರಾಂಶವೂ ಗಣಕದ ಯಂತ್ರಾಂಶವೂ

ಟೆಕ್ಸಾಸಿನ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಎಲೆಕ್ಟ್ರಾನಿಕ್ಸ್ ವೃತ್ತಿಯಲ್ಲಿರುವ ಕನ್ನಡಿಗರು ಕಡಿಮೆಯೇನಲ್ಲ. ಅವರಲ್ಲಿ ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವವರಿಂದ ನಾನು ಹಲವು ವರ್ಷಗಳಿಂದ ಕೇಳುತ್ತ ಬಂದಿರುವ ದೂರು ಒಂದೇ: ಹೊಸ ಗಣಕ ಕೊಂಡಾಯಿತು, ದುಬಾರಿ ಗ್ರಾಫಿಕ್ಸ್ ಕಾರ್ಡನ್ನೂ ಹಾಕಿಸಿಯಾಯಿತು, ಆದರೂ ಟ್ರ್ಯಾಕ್ ಎಳೆಯುವಾಗ ಕರ್ಸರ್ ತಡವರಿಸುವುದು ನಿಂತಿಲ್ಲ. ನನ್ನದೂ ಇದೇ ವೃತ್ತಿ. ಈ ದೂರಿನ ಹಿಂದೆ ಗಣಕದ ಶಕ್ತಿಯ ಕೊರತೆ ಇರುವುದು ಅಪರೂಪ. ಹಣವು ತಪ್ಪು ಭಾಗಕ್ಕೆ ಹೋಗಿರುವುದೇ ಹೆಚ್ಚು. ಯಾವ ಭಾಗಕ್ಕೆ ಹೋಗಬೇಕಿತ್ತು ಎಂಬುದನ್ನು ತಿಳಿಯಲು ವಿನ್ಯಾಸದ ತಂತ್ರಾಂಶವು ಒಳಗೆ ಏನು ಮಾಡುತ್ತಿರುತ್ತದೆ ಎಂಬುದನ್ನು ನೋಡಬೇಕು.

ಪರದೆಯ ಮೇಲೆ ನಮಗೆ ಕಾಣುವುದು ಚಿತ್ರ. ತಂತ್ರಾಂಶದ ಪಾಲಿಗೆ ಅದೊಂದು ದೊಡ್ಡ ಲೆಕ್ಕದ ಪುಸ್ತಕ. ಬಿಡಿಭಾಗದ ಕಾಲು ಕೂರುವ ಪ್ಯಾಡ್, ತಾಮ್ರದ ಗೆರೆಯಾದ ಟ್ರ್ಯಾಕ್, ಒಂದು ಪದರದಿಂದ ಇನ್ನೊಂದಕ್ಕೆ ಇಳಿಯುವ ರಂಧ್ರವಾದ ವಯಾ, ಖಾಲಿ ಜಾಗವನ್ನು ತುಂಬುವ ತಾಮ್ರದ ಹರವು, ಇವುಗಳಲ್ಲಿ ಪ್ರತಿಯೊಂದೂ ಒಂದೊಂದು ನಮೂದು. ಅದು ಯಾವ ಪದರದಲ್ಲಿದೆ, ಎಲ್ಲಿದೆ, ಎಷ್ಟು ಅಗಲವಿದೆ, ಯಾವ ಸಂಪರ್ಕಕ್ಕೆ ಸೇರಿದೆ ಎಂಬುದೆಲ್ಲ ಆ ನಮೂದಿನಲ್ಲಿರುತ್ತದೆ. ಬೇರೆ ಬೇರೆ ಸಂಪರ್ಕಗಳಿಗೆ ಸೇರಿದ ಎರಡು ತಾಮ್ರದ ತುಣುಕುಗಳ ನಡುವೆ ಇಂತಿಷ್ಟು ಅಂತರ, ಉದಾಹರಣೆಗೆ 0.1 ಮಿ.ಮೀ., ಇರಲೇಬೇಕು ಎಂಬುದು ನಿಯಮ. ಬೋರ್ಡಿನಲ್ಲಿ 50,000 ನಮೂದುಗಳಿದ್ದು ಪ್ರತಿಯೊಂದನ್ನೂ ಉಳಿದೆಲ್ಲವುಗಳೊಡನೆ ಹೋಲಿಸುವುದಾದರೆ ಸುಮಾರು 125 ಕೋಟಿ ಜೋಡಿಗಳಾಗುತ್ತವೆ. ಮೌಸ್ ಕದಲಿದಾಗಲೆಲ್ಲ ಇಷ್ಟು ಹೋಲಿಕೆ ಮಾಡಲು ಯಾವ ಗಣಕದಿಂದಲೂ ಆಗದು.

ಆದ್ದರಿಂದ ಇಂಥ ತಂತ್ರಾಂಶಗಳು ಬೋರ್ಡನ್ನು ಪ್ರದೇಶಗಳಾಗಿ ಹಂಚಿಕೊಳ್ಳುತ್ತವೆ. 1984ರಲ್ಲಿ ಆಂಟೋನಿನ್ ಗಟ್‌ಮನ್ ವಿವರಿಸಿದ ‘ಆರ್-ಟ್ರೀ’ ಎಂಬ ರಚನೆ ಇದರ ಪ್ರಸಿದ್ಧ ಮಾದರಿ. ಕೀಕ್ಯಾಡ್ ತಂತ್ರಾಂಶ ಇಂದಿಗೂ ಇದನ್ನು ಬಳಸುತ್ತದೆ. ನಮ್ಮ ಕಂದಾಯ ಇಲಾಖೆಯ ವ್ಯವಸ್ಥೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಜಮೀನಿನ ಅಕ್ಕಪಕ್ಕದವರು ಯಾರೆಂದು ತಿಳಿಯಲು ರಾಜ್ಯದ ಎಲ್ಲ ಪಹಣಿಗಳನ್ನೂ ತಿರುವಿಹಾಕಬೇಕಾಗಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಇಳಿಯುತ್ತ ಹೋದರಾಯಿತು. ಕೋಟಿಗಟ್ಟಲೆ ಹೋಲಿಕೆಗಳ ಜಾಗದಲ್ಲಿ ಕೆಲವೇ ಹೆಜ್ಜೆಗಳು ಸಾಕಾಗುತ್ತವೆ.

ಆದರೆ ಈ ಹೆಜ್ಜೆಗಳಿಗೊಂದು ಗುಣವಿದೆ. ತಾಲ್ಲೂಕಿನ ಪುಸ್ತಕ ತೆರೆದ ಮೇಲಷ್ಟೇ ಯಾವ ಹೋಬಳಿಗೆ ಹೋಗಬೇಕೆಂಬುದು ತಿಳಿಯುತ್ತದೆ. ಮುಂದಿನ ವಿಳಾಸವನ್ನು ಹಿಂದಿನ ಹೆಜ್ಜೆಯೇ ಹೇಳಬೇಕು. ನಾಲ್ಕು ಜನರನ್ನು ನಾಲ್ಕು ಕಡೆಗೆ ಒಟ್ಟಿಗೆ ಕಳಿಸಿ ಪ್ರಯೋಜನವಿಲ್ಲ. ಅಲ್ಲದೆ ಈ ಪುಸ್ತಕಗಳು ಗಣಕದ ಮೆಮೊರಿಯಲ್ಲಿ ಒತ್ತಟ್ಟಿಗಿರದೆ ಚದುರಿಕೊಂಡಿರುತ್ತವೆ. ಪ್ರೊಸೆಸರಿನ ಒಳಗೇ ಇರುವ ಅತಿ ಸಣ್ಣ ಸಂಗ್ರಹದಿಂದ, ಅಂದರೆ ಮೊದಲ ಹಂತದ ಕ್ಯಾಶೆಯಿಂದ, ಒಂದು ಸಂಖ್ಯೆಯನ್ನು ತರಲು ಸುಮಾರು 1 ನ್ಯಾನೋಸೆಕೆಂಡ್ ಸಾಕು. ಮೂರನೆಯ ಹಂತದ ಕ್ಯಾಶೆಗೆ ಹೋದರೆ 10ರಿಂದ 20 ನ್ಯಾನೋಸೆಕೆಂಡ್ ಬೇಕು. ಅಲ್ಲಿಯೂ ಸಿಗದೆ ಹೊರಗಿನ ಮೆಮೊರಿಗೆ, ಅಂದರೆ ಡಿ-ರ‍್ಯಾಮ್‌ಗೆ, ಹೋಗಬೇಕಾದರೆ 70ರಿಂದ 100 ನ್ಯಾನೋಸೆಕೆಂಡ್ ಬೇಕಾಗುತ್ತದೆ. 5 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿಗೆ 80 ನ್ಯಾನೋಸೆಕೆಂಡ್ ಎಂದರೆ 400 ಬಡಿತಗಳ ಕಾಲ. ಅದರಲ್ಲಿ ಬಹುಪಾಲು ಹೊತ್ತು ಅದು ಸುಮ್ಮನೆ ಕಾದು ಕೂತಿರುತ್ತದೆ. ನಮ್ಮ ಕರ್ಸರ್ ತಡವರಿಸುವುದಕ್ಕೆ ಈ ಕಾಯುವಿಕೆ ಒಂದು ಮುಖ್ಯ ಕಾರಣ.

ಈ ಡಿ-ರ‍್ಯಾಮ್ ರೂಪಿಸಿದ ರಾಬರ್ಟ್ ಡೆನಾರ್ಡ್ 1932ರಲ್ಲಿ ಹುಟ್ಟಿದ್ದು ಡಲ್ಲಾಸಿನ ಪೂರ್ವಕ್ಕಿರುವ ಟೆರೆಲ್ ಎಂಬ ಊರಿನಲ್ಲಿ, ಓದಿದ್ದು ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ. ಒಂದೇ ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರಿನಿಂದ ಒಂದು ಬಿಟ್ ಮಾಹಿತಿಯನ್ನು ಹಿಡಿದಿಡುವ ಅವರ ಯೋಜನೆಗೆ ಐಬಿಎಂ ಸಂಸ್ಥೆಯಲ್ಲಿದ್ದಾಗ, 1968ರಲ್ಲಿ, ಪೇಟೆಂಟ್ ದೊರೆಯಿತು. ಅಲ್ಲಿಂದೀಚೆಗೆ ಮೆಮೊರಿಯ ಗಾತ್ರ ಊಹೆಗೂ ಮೀರಿ ಬೆಳೆದಿದೆ. ಒಂದು ಸಂಖ್ಯೆಯನ್ನು ತರಲು ಹಿಡಿಯುವ ಹೊತ್ತು ಮಾತ್ರ ಆ ಪ್ರಮಾಣದಲ್ಲಿ ತಗ್ಗಿಲ್ಲ. ಟ್ರಾನ್ಸಿಸ್ಟರ್ ಚಿಕ್ಕದಾದಂತೆಲ್ಲ ಅದಕ್ಕೆ ಬೇಕಾದ ವಿದ್ಯುತ್ತೂ ತಗ್ಗುವುದರಿಂದ, ಚಿಪ್ ಹೆಚ್ಚು ಬಿಸಿಯಾಗದಂತೆ ಅದರ ವೇಗವನ್ನು ಏರಿಸುತ್ತ ಹೋಗಬಹುದೆಂದು 1974ರಲ್ಲಿ ತೋರಿಸಿಕೊಟ್ಟವರೂ ಡೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳೇ. ಸುಮಾರು 2005ರ ಹೊತ್ತಿಗೆ ಆ ನಿಯಮ ಸೋತಿತು. ಅಲ್ಲಿಯವರೆಗೆ ಎರಡು ಮೂರು ವರ್ಷಕ್ಕೊಮ್ಮೆ ಹೊಸ ಗಣಕ ಕೊಂಡರೆ ಹಳೆಯ ತಂತ್ರಾಂಶವೂ ತಾನಾಗಿ ಚುರುಕಾಗುತ್ತಿತ್ತು. ಆಮೇಲೆ ಪ್ರೊಸೆಸರ್ ತಯಾರಕರು ವೇಗವನ್ನು ಏರಿಸಲಾರದೆ ಒಂದೇ ಚಿಪ್ಪಿನಲ್ಲಿ ಹಲವು ಪ್ರೊಸೆಸರುಗಳನ್ನು, ಅಂದರೆ ‘ಕೋರ್’ಗಳನ್ನು, ಕೂಡಿಸತೊಡಗಿದರು. ಈಗ ಅಂಗಡಿಗಳಲ್ಲಿ 16 ಕೋರ್, 32 ಕೋರ್ ಎಂದು ಮಾರಾಟವಾಗುವುದು ಈ ಹೊಸ ದಾರಿಯ ಫಲ.

ಹೆಚ್ಚು ಕೋರ್ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಹ್ಯೂಸ್ಟನ್ನಿನ ಕಚೇರಿಗಳಲ್ಲಿ ವಿಶೇಷವಾಗಿ ಬೇರೂರಿದೆ. ಅದಕ್ಕೆ ಕಾರಣವೂ ಇದೆ. ಅಲ್ಲಿಯ ತೈಲೋದ್ಯಮ ಭೂಮಿಯೊಳಕ್ಕೆ ಕಂಪನಗಳನ್ನು ಕಳಿಸಿ, ಮರಳಿ ಬರುವ ಪ್ರತಿಧ್ವನಿಗಳಿಂದ ನೆಲದಡಿಯ ರಚನೆಯನ್ನು ಲೆಕ್ಕ ಹಾಕುತ್ತದೆ. (ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಹುಟ್ಟಿದ್ದೂ ಈ ಕಸುಬಿನಿಂದಲೇ, 1930ರಲ್ಲಿ ಅದು ತೈಲ ಹುಡುಕುವ ಜಿಯೋಫಿಸಿಕಲ್ ಸರ್ವೀಸ್ ಆಗಿತ್ತು, 1951ರಲ್ಲಿ ಈಗಿನ ಹೆಸರು ಪಡೆಯಿತು.) ಲಕ್ಷಾಂತರ ಪ್ರತಿಧ್ವನಿಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಬಹುದಾದ್ದರಿಂದ ಕೋರುಗಳು ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತದೆ. ತೈಲಬಾವಿಯೊಳಕ್ಕೆ ಇಳಿಸುವ ಉಪಕರಣಗಳ ಬೋರ್ಡುಗಳನ್ನು ವಿನ್ಯಾಸ ಮಾಡುವವರೂ ಅದೇ ಸಂಸ್ಥೆಗಳಲ್ಲಿರುತ್ತಾರೆ. ಕೊಳವೆಯೊಳಗೆ ಕೂರುವಂತೆ ಎರಡು ಬೆರಳಗಲದ, ಮೊಳದುದ್ದದ, 150 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲೂ ಕೆಲಸ ಮಾಡಬೇಕಾದ ಬೋರ್ಡುಗಳು ಅವು. ಅವರಿಗೂ ಖರೀದಿ ವಿಭಾಗ ಅದೇ ಬಗೆಯ, ಕೋರುಗಳು ಹಲವಿದ್ದು ಒಂದೊಂದರ ವೇಗ ಕಡಿಮೆಯಿರುವ ದುಬಾರಿ ಯಂತ್ರವನ್ನೇ ಕೊಡಿಸುತ್ತದೆ. ಎಷ್ಟೋ ಸಲ ಅದಕ್ಕಿಂತ ಪಕ್ಕದ ಮನೆಯ ಹುಡುಗ ಆಟಕ್ಕೆಂದು ಕೊಂಡ ಗಣಕವೇ ಬೋರ್ಡ್ ವಿನ್ಯಾಸಕ್ಕೆ ಹೆಚ್ಚು ಚುರುಕಾಗಿರುತ್ತದೆ.

ಇದರ ಲೆಕ್ಕವನ್ನು 1967ರಲ್ಲಿ ಜೀನ್ ಆಮ್ಡಾಲ್ ಹೇಳಿದ ನಿಯಮದಿಂದ ತಿಳಿಯಬಹುದು. ಒಂದು ಕೆಲಸದಲ್ಲಿ ಶೇ. 60ರಷ್ಟನ್ನು ಮಾತ್ರ ಹಂಚಿಕೊಳ್ಳಬಹುದು, ಉಳಿದ ಶೇ. 40ರಷ್ಟು ಒಬ್ಬರೇ ಸಾಲಾಗಿ ಮಾಡಬೇಕಾದುದು ಎಂದಿಟ್ಟುಕೊಳ್ಳೋಣ. 16 ಕೋರುಗಳನ್ನು ಹಚ್ಚಿದರೆ ಕೆಲಸ 2.3 ಪಟ್ಟು ಬೇಗವಾಗುತ್ತದೆ. ಅಸಂಖ್ಯ ಕೋರುಗಳನ್ನು ಹಚ್ಚಿದರೂ 2.5 ಪಟ್ಟನ್ನು ಮೀರುವುದಿಲ್ಲ. ಟ್ರ್ಯಾಕ್ ಎಳೆಯುವಾಗ ಅಡ್ಡ ಬಂದ ಟ್ರ್ಯಾಕುಗಳನ್ನು ತಳ್ಳಿಕೊಂಡು ದಾರಿ ಮಾಡಿಕೊಳ್ಳುವ ಕೆಲಸದಲ್ಲಂತೂ ಹಂಚಬಹುದಾದ ಪಾಲು ಇನ್ನೂ ಕಡಿಮೆ. ಒಂದು ಟ್ರ್ಯಾಕ್ ಸರಿದಾಗ ಅದು ಮುಂದಿನದನ್ನು ತಳ್ಳುತ್ತದೆ, ಅದು ಅದರ ಮುಂದಿನದನ್ನು. ಪರದೆ ಸೆಕೆಂಡಿಗೆ 60 ಸಲ ಬದಲಾಗುವಾಗ ಇದೆಲ್ಲಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡ್ ಮಾತ್ರ. ತಾಮ್ರದ ಹರವನ್ನು ಮತ್ತೆ ತುಂಬುವುದು, ಇಡೀ ಬೋರ್ಡಿನ ನಿಯಮ ಪರೀಕ್ಷೆ ನಡೆಸುವುದು ಮುಂತಾದ ಕೆಲಸಗಳನ್ನು ಹಂಚಬಹುದು. ಕೀಕ್ಯಾಡ್ ಈಗ ಹರವು ತುಂಬುವುದನ್ನು ಹಲವು ಕೋರುಗಳಲ್ಲಿ ಮಾಡುತ್ತದೆ. ಹೀಗಾಗಿ ಆರರಿಂದ ಎಂಟು ಕೋರುಗಳು ವ್ಯರ್ಥವಲ್ಲ. ಅದರಾಚೆಯ ಹಣವನ್ನು ಒಂದೊಂದು ಕೋರಿನ ವೇಗಕ್ಕೆ ಹಾಕುವುದು ಲೇಸು.

ಇಲ್ಲಿ ಹಲವರನ್ನು ದಾರಿ ತಪ್ಪಿಸುವ ಅಂಕಿಯೊಂದಿದೆ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ ಪ್ರೊಸೆಸರಿನ ಬಳಕೆ ಶೇ. 6 ಎಂದು ತೋರಿಸುತ್ತಿರುತ್ತದೆ. ಗಣಕ ಆರಾಮವಾಗಿದೆ, ದೋಷ ತಂತ್ರಾಂಶದ್ದೇ ಎಂದು ಬಳಕೆದಾರರು ತೀರ್ಮಾನಿಸುತ್ತಾರೆ. 16 ಎಳೆಗಳುಳ್ಳ ಪ್ರೊಸೆಸರಿನಲ್ಲಿ ಒಂದೇ ಎಳೆ ತನ್ನ ಪೂರ್ತಿ ಶಕ್ತಿಯಿಂದ ದುಡಿಯುತ್ತಿದ್ದರೆ ಒಟ್ಟು ಬಳಕೆ ಶೇ. 6.25 ಎಂದೇ ಕಾಣುತ್ತದೆ. ಆ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರತಿಯೊಂದು ಎಳೆಯನ್ನೂ ಬೇರೆಯಾಗಿ ತೋರಿಸುವಂತೆ ಮಾಡಿಕೊಂಡರೆ ನಿಜಸ್ಥಿತಿ ಹೆಚ್ಚು ಸ್ಪಷ್ಟವಾಗುತ್ತದೆ. ಹೊಸ ಗಣಕ ಕೊಳ್ಳುವ ಮೊದಲು ಇದನ್ನೊಮ್ಮೆ ನೋಡಿರಿ.

ಕರ್ಸರ್ ಅರೆಕ್ಷಣ ತಡೆದರೆ ಏನು ಮುಳುಗಿಹೋಯಿತು ಎಂದು ಕೇಳಬಹುದು. ತಡವಾಗುವುದಕ್ಕಿಂತ, ಆ ತಡವನ್ನು ತಪ್ಪಿಸಿಕೊಳ್ಳಲು ಮನುಷ್ಯರು ಹಿಡಿಯುವ ದಾರಿ ಅಪಾಯಕಾರಿ. ಡಲ್ಲಾಸಿನ ಉತ್ತರ ಭಾಗದ ಒಂದು ಸಣ್ಣ ಸಂಸ್ಥೆಯಲ್ಲಿ 12 ಪದರಗಳ ಬೋರ್ಡೊಂದನ್ನು ಪರಿಶೀಲಿಸಲು ನನ್ನನ್ನು ಕರೆದಿದ್ದರು. ತಯಾರಾಗಿ ಬಂದ ಬೋರ್ಡುಗಳಲ್ಲಿ 3.3 ವೋಲ್ಟಿನ ಪದರ ಭೂಸಂಪರ್ಕಕ್ಕೆ ತಗುಲಿಕೊಂಡಿತ್ತು. ಕಡತವನ್ನು ತೆರೆದು ನೋಡಿದಾಗ ಕಾರಣ ಸಿಕ್ಕಿತು. ಗಣಕ ಹಳೆಯದು, ಕೆಲಸ ಮಾಡುತ್ತಿರುವಾಗಲೇ ನಿಯಮಗಳನ್ನು ಪರೀಕ್ಷಿಸುವ ವ್ಯವಸ್ಥೆ ಚಾಲೂ ಇದ್ದರೆ ಕರ್ಸರ್ ಕದಲುತ್ತಿರಲಿಲ್ಲ. ಆದ್ದರಿಂದ ವಿನ್ಯಾಸಕಾರರು ಅದನ್ನು ಆರಿಸಿಬಿಟ್ಟಿದ್ದರು. ತಾಮ್ರದ ಹರವು ತಾನಾಗಿ ತುಂಬಿಕೊಳ್ಳುವುದನ್ನೂ ನಿಲ್ಲಿಸಿದ್ದರು. ಇಡೀ ಬೋರ್ಡಿನ ಪರೀಕ್ಷೆಗೆ ಮುಕ್ಕಾಲು ಗಂಟೆ ಹಿಡಿಯುತ್ತಿದ್ದುದರಿಂದ ಅದನ್ನು ಹಿಂದಿನ ಸಂಜೆಯೇ ಮುಗಿಸಿದ್ದರು. ಮರುದಿನ ಬೆಳಿಗ್ಗೆ ಭೂಸಂಪರ್ಕದ ಒಂದೇ ಒಂದು ವಯಾವನ್ನು ಒಂದೂವರೆ ಮಿಲಿಮೀಟರ್ ಸರಿಸಿ, ಕಡತವನ್ನು ಕಾರ್ಖಾನೆಗೆ ಕಳಿಸಿದ್ದರು. ಒಳಪದರದ ಹರವಿನಲ್ಲಿ ಹಳೆಯ ಜಾಗದ ರಂಧ್ರ ಹಾಗೆಯೇ ಉಳಿದಿತ್ತು. ಹೊಸ ಜಾಗದಲ್ಲಿ ಬಿಡುವಿರಲಿಲ್ಲ. ಬೋರ್ಡುಗಳನ್ನು ಮತ್ತೆ ಮಾಡಿಸಿ, ಬಿಡಿಭಾಗಗಳನ್ನು ಮತ್ತೆ ಕೂರಿಸುವಷ್ಟರಲ್ಲಿ ಐದು ವಾರ ಕಳೆದವು. ಆ ವಿನ್ಯಾಸಕಾರರು ಅಜಾಗರೂಕರೇನೂ ಆಗಿರಲಿಲ್ಲ. ಬೇರೆ ಬೇರೆ ಸಂಸ್ಥೆಗಳಲ್ಲಿ ಇದೇ ಪರೀಕ್ಷೆಯನ್ನು ಇದೇ ಕಾರಣಕ್ಕೆ ಆರಿಸಿಟ್ಟಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮರುತಯಾರಿಕೆಯ ಒಂದು ಸುತ್ತಿಗೆ ತಗಲುವ ವೆಚ್ಚದ ಮುಂದೆ ಒಳ್ಳೆಯ ಗಣಕದ ಬೆಲೆ ದೊಡ್ಡದಲ್ಲ ಎಂಬುದನ್ನು ಖರೀದಿ ವಿಭಾಗದವರಿಗೆ ಮನವರಿಕೆ ಮಾಡಿಕೊಡುವುದೇ ಕಷ್ಟ.

ಹಾಗಾದರೆ ಒಂದೊಂದು ಕೋರಿನ ವೇಗ ಎಂದರೇನು? ಗಿಗಾಹರ್ಟ್ಸ್ ಅದರ ಒಂದು ಭಾಗ ಮಾತ್ರ. ಮೆಮೊರಿಗಾಗಿ ಕಾಯುವ ಹೊತ್ತೇ ಹೆಚ್ಚಾಗಿರುವಾಗ, ಬೇಕಾದ ಮಾಹಿತಿಯನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಕ್ಯಾಶೆಯ ಗಾತ್ರಕ್ಕೂ ಅಷ್ಟೇ ಬೆಲೆಯಿದೆ. ಆಸ್ಟಿನ್ನಿನಲ್ಲಿ ದೊಡ್ಡ ವಿನ್ಯಾಸ ಕೇಂದ್ರವನ್ನು ಹೊಂದಿರುವ ಎಎಮ್‌ಡಿ ಸಂಸ್ಥೆಯ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಅದು ರೈಜೆನ್ 7 5800ಎಕ್ಸ್3ಡಿ ಎಂಬ ಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಅದರ ಕೋರುಗಳು ಹಿಂದಿನ 5800ಎಕ್ಸ್‌ನವೇ. ಗರಿಷ್ಠ ವೇಗ ಮಾತ್ರ 4.7ರಿಂದ 4.5 ಗಿಗಾಹರ್ಟ್ಸಿಗೆ ಇಳಿದಿತ್ತು. ಆದರೆ ಚಿಪ್ಪಿನ ಮೇಲೆ ಇನ್ನೊಂದು ಮೆಮೊರಿ ಚಿಪ್ಪನ್ನು ಮಹಡಿಯಂತೆ ಕೂರಿಸಿ ಮೂರನೆಯ ಹಂತದ ಕ್ಯಾಶೆಯನ್ನು 32ರಿಂದ 96 ಎಂ.ಬಿ.ಗೆ ಏರಿಸಿದ್ದರು. ಗಡಿಯಾರದ ವೇಗ ತಗ್ಗಿದರೂ ಗಣಕದ ಆಟಗಳು ಅದರಲ್ಲಿ ಹೆಚ್ಚು ಚುರುಕಾಗಿ ಓಡಿದವು. ಇದೇ ತಂತ್ರದ ಸರ್ವರ್ ಪ್ರೊಸೆಸರಿನಲ್ಲಿ ಚಿಪ್ ವಿನ್ಯಾಸದ ಪರೀಕ್ಷೆ ಶೇ. 66ರಷ್ಟು ಬೇಗ ನಡೆಯಿತೆಂದು ಎಎಮ್‌ಡಿ 2021ರ ನವೆಂಬರ್‌ನಲ್ಲಿ ಪ್ರಕಟಿಸಿತು. ಅದು ಮಾರುವವರೇ ಕೊಟ್ಟ ಅಂಕಿ, ಮೇಲಾಗಿ ಚಿಪ್ಪಿಗೆ ಸಂಬಂಧಿಸಿದ್ದು. ಬೋರ್ಡಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಚದುರಿದ ನಮೂದುಗಳನ್ನು ಅರಸುತ್ತ ಹೋಗುವ ಕೆಲಸ ಎರಡಕ್ಕೂ ಸಾಮಾನ್ಯ. ಬೆಲೆ ಸಮನಾಗಿರುವ ಎರಡು ಪ್ರೊಸೆಸರುಗಳಲ್ಲಿ ಒಂದನ್ನು ಆರಿಸುವುದಾದರೆ ನಾನು ದೊಡ್ಡ ಕ್ಯಾಶೆಯುಳ್ಳದ್ದನ್ನೇ ಆರಿಸುತ್ತೇನೆ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಆಲ್ಟಿಯಂ ಡಿಸೈನರ್ ಡೈರೆಕ್ಟ್‌ಎಕ್ಸ್ ಮೂಲಕ, ಕೀಕ್ಯಾಡ್ ಓಪನ್‌ಜಿಎಲ್ ಮೂಲಕ ಚಿತ್ರ ಬರೆಯುವ ಕೆಲಸವನ್ನು ಕಾರ್ಡಿಗೆ ಒಪ್ಪಿಸುತ್ತವೆ. ಗೆರೆ, ವೃತ್ತ, ಅರೆಪಾರದರ್ಶಕ ಬಣ್ಣಗಳಷ್ಟನ್ನೇ ಬರೆಯಬೇಕಾದ್ದರಿಂದ ಮಧ್ಯಮ ದರ್ಜೆಯ ಯಾವ ಕಾರ್ಡಾದರೂ ಸಾಕು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿದ್ದು ಅವು ಹಳೆಯ ಎಚ್‌ಡಿ ಪರದೆಯ ನಾಲ್ಕರಷ್ಟಾಗುತ್ತವೆ. ಅಂಥ ಎರಡು ಪರದೆಗಳಿದ್ದರೆ, ಅಥವಾ ಬೋರ್ಡನ್ನು ಅದರ ಪೆಟ್ಟಿಗೆಯೊಡನೆ ಮೂರು ಆಯಾಮದಲ್ಲಿ ತಿರುಗಿಸಿ ನೋಡುವುದಿದ್ದರೆ ಮಾತ್ರ ಸ್ವಲ್ಪ ಮೇಲ್ದರ್ಜೆಯ ಕಾರ್ಡಿನಿಂದ ಅನುಕೂಲವಾದೀತು. ಲ್ಯಾಪ್‌ಟಾಪ್ ಬಳಸುವವರು ಒಂದು ವಿಷಯವನ್ನು ಗಮನಿಸಬೇಕು. ಎರಡು ಬಗೆಯ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ತಂತ್ರಾಂಶವು ದುರ್ಬಲವಾದುದನ್ನೇ ಹಿಡಿದುಕೊಂಡು ಓಡುತ್ತಿರಬಹುದು. ವಿಂಡೋಸಿನ ಗ್ರಾಫಿಕ್ಸ್ ಸೆಟ್ಟಿಂಗ್ಸಿನಲ್ಲಿ ಇದನ್ನು ಬದಲಿಸಬಹುದು, ಖರ್ಚಿಲ್ಲ.

ಮೆಮೊರಿಯ ಪ್ರಮಾಣವು ಹಿಂದೆ ದೊಡ್ಡ ಸಮಸ್ಯೆಯಾಗಿತ್ತು. ಡಾಸ್ ಕಾಲದಲ್ಲಿ ತಂತ್ರಾಂಶಗಳಿಗೆ ಸಿಗುತ್ತಿದ್ದುದು 640 ಕೆ.ಬಿ.; 1985ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಶುರುವಾದ ಪ್ರೊಟೆಲ್, ಅಂದರೆ ಇಂದಿನ ಆಲ್ಟಿಯಂ, ಅಷ್ಟರಲ್ಲೇ ಬೋರ್ಡುಗಳನ್ನು ರೂಪಿಸಬೇಕಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಬಂದ ಮೂವರು 1982ರಲ್ಲಿ ಹ್ಯೂಸ್ಟನ್ನಿನಲ್ಲಿ ಕಟ್ಟಿದ ಕಾಂಪ್ಯಾಕ್ ಸಂಸ್ಥೆ 1986ರಲ್ಲಿ, ಐಬಿಎಂಗಿಂತ ಮೊದಲೇ, ಇಂಟೆಲ್ 80386 ಪ್ರೊಸೆಸರಿನ ಡೆಸ್ಕ್‌ಪ್ರೊ 386 ಗಣಕವನ್ನು ಹೊರತಂದಿತು. 4 ಜಿ.ಬಿ.ವರೆಗೆ ವಿಳಾಸ ಹೇಳಬಲ್ಲ 32 ಬಿಟ್ ಪ್ರೊಸೆಸರ್ ಹೀಗೆ ಮೇಜಿನ ಮೇಲಕ್ಕೆ ಬಂದಿತು. ಆಗ ಅಪಾರವೆನಿಸಿದ ಆ ಮಿತಿಯೂ ಮುಂದೆ ಸಾಲದಾಯಿತು. ಆಲ್ಟಿಯಂ ಡಿಸೈನರ್ 18ನೆಯ ಆವೃತ್ತಿಯಲ್ಲಿ 64 ಬಿಟ್ಟಿಗೆ ಬರುವವರೆಗೂ, ಗಣಕದಲ್ಲಿ ಎಷ್ಟೇ ಮೆಮೊರಿ ಇದ್ದರೂ, ದೊಡ್ಡ ಬೋರ್ಡುಗಳು ಮೆಮೊರಿ ಸಾಲದೆಂಬ ಸಂದೇಶದೊಡನೆ ನಿಂತುಹೋಗುತ್ತಿದ್ದವು. ಇಂದು 32 ಜಿ.ಬಿ. ಬಹುತೇಕ ಬೋರ್ಡುಗಳಿಗೆ ಸಾಕು. ಅದನ್ನು ಒಂದೇ ಕಡ್ಡಿಯಾಗಿ ಕೊಳ್ಳದೆ 16ರ ಎರಡು ಕಡ್ಡಿಗಳಾಗಿ ಕೊಂಡರೆ ಪ್ರೊಸೆಸರಿಗೆ ಎರಡು ದಾರಿಗಳು ಸಿಗುತ್ತವೆ. ವಿದ್ಯುತ್ಕಾಂತೀಯ ಕ್ಷೇತ್ರಗಳನ್ನು ಲೆಕ್ಕ ಹಾಕುವ ಸಿಮ್ಯುಲೇಷನ್ ಮಾಡುವವರ ಮಾತು ಬೇರೆ: ಅವರಿಗೆ ಮೆಮೊರಿಯೂ ಬೇಕು, ಹೆಚ್ಚಿನ ಕೋರುಗಳೂ ಬೇಕು, ಹ್ಯೂಸ್ಟನ್ನಿನ ಖರೀದಿ ವಿಭಾಗದ ತರ್ಕ ಅವರಿಗೆ ಸರಿಹೋಗುತ್ತದೆ.

ಡಿಸ್ಕು ಯೋಜನೆಯನ್ನು ತೆರೆಯುವಾಗ, ಉಳಿಸುವಾಗ ಮಾತ್ರ ಮುಖ್ಯ. ಎಸ್‌ಎಸ್‌ಡಿ ಇದ್ದೂ ತೆರೆಯಲು ನಿಧಾನವಾದರೆ, ಸಾವಿರಾರು ಸಣ್ಣ ಲೈಬ್ರರಿ ಕಡತಗಳನ್ನು ಆಂಟಿವೈರಸ್ ಒಂದೊಂದಾಗಿ ಪರೀಕ್ಷಿಸುತ್ತಿದೆಯೇ ಎಂದು ನೋಡಬೇಕು. ಇನ್ನು ಬಿಸಿಯ ಮಾತು. ತೆಳ್ಳನೆಯ ಲ್ಯಾಪ್‌ಟಾಪುಗಳು ಡಬ್ಬಿಯ ಮೇಲೆ ಬರೆದ ವೇಗದಲ್ಲಿ ಓಡುವುದು ಮೊದಲ ಕೆಲವು ನಿಮಿಷ ಮಾತ್ರ; ಬಿಸಿಯೇರಿದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗಸ್ಟ್ ತಿಂಗಳಲ್ಲಿ ಹೊರಗೆ 38 ಡಿಗ್ರಿ ದಾಟಿರುವಾಗ ಗ್ಯಾರೇಜಿನಲ್ಲಿ ಕಚೇರಿ ಮಾಡಿಕೊಂಡಿರುವ ಟೆಕ್ಸಾಸಿನ ಗೆಳೆಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆಯಿಂದಲೇ ಕೆಲಸ ಮಾಡುವವರಿಗೆ ಮೇಜಿನ ಗಣಕವೇ ಒಳ್ಳೆಯದು.

ಬೆಂಗಳೂರಿನೊಡನೆ ಕೆಲಸ ಹಂಚಿಕೊಂಡಿರುವವರು ಇನ್ನೊಂದು ಕಾಯುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದಾಗ ಅಲ್ಲಿಯವರು ಮೊದಲು ಕೈಗೆತ್ತಿಕೊಂಡದ್ದು ಚಿಪ್ ವಿನ್ಯಾಸಕ್ಕೆ ಬೇಕಾದ ತಂತ್ರಾಂಶ ಬರೆಯುವ ಕೆಲಸವನ್ನೇ; ಅದು ಉಪಗ್ರಹದ ಮೂಲಕ ಅಮೆರಿಕಕ್ಕೆ ರವಾನೆಯಾಗುತ್ತಿತ್ತು. ಭೂಸ್ಥಿರ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ ಸಂಕೇತ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿನಷ್ಟು ಬೇಕು. ಕಡತ ಕಳಿಸಿ ಮರುದಿನ ಉತ್ತರ ನೋಡುವ ಕೆಲಸಕ್ಕೆ ಅದರಿಂದ ಬಾಧೆಯಿಲ್ಲ. ಈಗ ಸಮುದ್ರದಡಿಯ ಗಾಜಿನ ಎಳೆಗಳಿವೆ. ಅದರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ, ಡಲ್ಲಾಸಿನಿಂದ ಬೆಂಗಳೂರು ಸುಮಾರು 15,000 ಕಿ.ಮೀ. ಎಳೆ ನೇರವಾಗಿ ಹಾಕಿದ್ದರೂ ಹೋಗಿ ಬರಲು 150 ಮಿಲಿಸೆಕೆಂಡ್ ತಪ್ಪಿದ್ದಲ್ಲ, ದಾರಿ ಸುತ್ತಿಕೊಂಡು ಹೋಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. 16.7 ಮಿಲಿಸೆಕೆಂಡಿನ ಲೆಕ್ಕದಲ್ಲಿ ಇದು ಒಂಬತ್ತು ಚೌಕಟ್ಟುಗಳ ವಿಳಂಬ. ಆಸ್ಟಿನ್ನಿನ ಕಚೇರಿಯಲ್ಲಿ ಎಷ್ಟೇ ಬಲವಾದ ಗಣಕವಿಟ್ಟು ಬೆಂಗಳೂರಿನಿಂದ ಅದರ ಪರದೆಯನ್ನು ದೂರದಿಂದಲೇ ಬಳಸಿದರೂ ಟ್ರ್ಯಾಕ್ ಎಳೆಯುವುದು ಹಿಂಸೆಯಾಗುತ್ತದೆ. ಅಲ್ಲಿಯವರ ಮೇಜಿನ ಮೇಲೆ ಸಾಧಾರಣ ಬೆಲೆಯ, ವೇಗದ ಕೋರುಳ್ಳ ಗಣಕವನ್ನಿಟ್ಟು, ಯೋಜನೆಯ ಕಡತಗಳನ್ನು ಗಿಟ್‌ನಂಥ ಆವೃತ್ತಿ ನಿರ್ವಹಣೆಯ ಮೂಲಕ ದಿನಕ್ಕೆರಡು ಸಲ ಹೊಂದಿಸಿಕೊಳ್ಳಬೇಕು. ಬೋರ್ಡಿನ ಕಡತವನ್ನು ಎರಡು ಕಡೆ ಒಟ್ಟಿಗೆ ತಿದ್ದಿದರೆ ಮತ್ತೆ ಕೂಡಿಸುವುದು ಕಷ್ಟ. ಆದ್ದರಿಂದ ಯಾರ ಸರದಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಎರಡು ಊರುಗಳ ನಡುವೆ ಇರುವ ಹತ್ತೂವರೆ ಗಂಟೆಗಳ ಅಂತರ, ಚಳಿಗಾಲದಲ್ಲಿ ಹನ್ನೊಂದೂವರೆ, ಇದಕ್ಕೆ ಅನುಕೂಲವಾಗಿಯೇ ಒದಗಿ ಬರುತ್ತದೆ.